ಕಾರಿಗೆ ಸೆರಾಮಿಕ್ ಕೋಟಿಂಗಾ, ಪಿಪಿಎಫ್ಫಾ? ದುಡ್ಡು ಕೊಡುವ ಮೊದಲು ಇದನ್ನು ಓದಿ

ಹೊಸ ಕಾರು ತೆಗೆದುಕೊಂಡವರಿಗೆ, ಅದರಲ್ಲೂ ಕಾಸರಗೋಡು–ಮಂಗಳೂರು ಮಧ್ಯೆ ದಿನಾ ಓಡಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸೆರಾಮಿಕ್ ಕೋಟಿಂಗ್ ಅಂದರೆ ಪೇಂಟ್ ಮೇಲೆ ಹಚ್ಚುವ, ಒಣಗಿ ತೆಳು ಗಟ್ಟಿ ಪದರವಾಗುವ ದ್ರವ. ಪಿಪಿಎಫ್ ಅಂದರೆ ಪೇಂಟ್ ಉಳಿಸಲು ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮ್. "ಸೆರಾಮಿಕ್ ಕೋಟಿಂಗ್ ಮಾಡಿಸಿದ್ರೆ ಕಲ್ಲು ಹಾರಿ ಬಿದ್ರೂ ಎಂತ ಆಗುದಿಲ್ಲ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಚಹಾ ಕೊಟ್ಟರೆ ಕುಡಿದೇ ಬನ್ನಿ, ಅಡ್ವಾನ್ಸ್ ಮಾತ್ರ ಕೊಡಬೇಡಿ.

ನನ್ನದು ಕಪ್ಪು ಕಾರು. ಮನೆ ಕುಂಬಳೆ ಕಡೆ, ಕೆಲಸ ಮಂಗಳೂರಿನಲ್ಲಿ. ಹೆದ್ದಾರಿ 66ರಲ್ಲಿ ಆರು ಪಥದ ಕೆಲಸ ನಡೆಯುತ್ತಿದ್ದ ಕಾಲ ನಿಮಗೂ ನೆನಪಿರಬಹುದು. ಮುಂದೆ ಜಲ್ಲಿ ಹೇರಿದ ಟಿಪ್ಪರ್, ಪಕ್ಕದಲ್ಲಿ ಕೆಂಪುಕಲ್ಲಿನ ಲಾರಿ, ಸರ್ವಿಸ್ ರಸ್ತೆಯ ತುಂಬ ಬಿಡಿ ಜಲ್ಲಿ. ಹಾಗಾಗಿ ಇಂಥ ಕೆಲಸ ಮಾಡುವ ಮಂಗಳೂರು ಕಡೆಯ ಒಂದು ಅಂಗಡಿಗೆ ಹೋದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಕಲ್ಲು ಹಾರಿದರೆ ಪೇಂಟ್ ಉಳಿಯುವ ಹಾಗೆ ಏನು ಮಾಡಿಸಬೇಕು? ಹೊಳಪು ಬೇಕು ಅಂತ ಕೇಳಲಿಲ್ಲ, ತೊಳೆಯಲು ಸುಲಭವಾಗಬೇಕು ಅಂತಲೂ ಕೇಳಲಿಲ್ಲ.

ಅವರು ಉತ್ತರ ಕೊಡುವ ಬದಲು ಆಟ ತೋರಿಸಿದರು. ಒಂದು ಹಳೆ ಬಾನೆಟ್ ಇಟ್ಟಿದ್ದರು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿ ಒರೆಸಿದರು. ಲೈಟರ್ ಹಚ್ಚಿ ಉರಿ ಹಿಡಿದರು. ಬಕೆಟ್ ನೀರು ಸುರಿದರು, ನೀರು ಮಣಿಮಣಿಯಾಗಿ ಉರುಳಿಹೋಯಿತು. "ಇದು 9ಎಚ್ ಸರ್, ಗಾಜಿಗಿಂತ ಗಟ್ಟಿ. ಫಿಲ್ಮ್‌ಗೆ ಸುಮ್ನೆ ಲಕ್ಷ ಯಾಕೆ ಹಾಕ್ತೀರಿ?" ಎಂದರು. ಐದು ವರ್ಷ ವಾರಂಟಿ ಅಂತ ಹೊಳೆಯುವ ಕಾರ್ಡೂ ಕೊಟ್ಟರು.

ಈ 9ಎಚ್ ಅನ್ನುವುದು ಎಲ್ಲ ಕಡೆ ಓಡುವ ಮಾತು, ಅದರ ಅರ್ಥ ಮಾತ್ರ ಯಾರೂ ಹೇಳುವುದಿಲ್ಲ. ಇದು ಪೆನ್ಸಿಲ್ ಪರೀಕ್ಷೆಯ ಲೆಕ್ಕ. ಶಾಲೆಯಲ್ಲಿ ಚಿತ್ರ ಬಿಡಿಸಲು ಎಚ್‌ಬಿ, 2ಬಿ ಪೆನ್ಸಿಲ್ ತರುತ್ತಿದ್ದೆವಲ್ವಾ, ಅದೇ ಸಾಲಿನಲ್ಲಿ ಆ ಕಡೆಯ ತುದಿಯ ಗಟ್ಟಿ ಪೆನ್ಸಿಲ್ 9ಎಚ್. ಅದನ್ನು ಗೊತ್ತುಪಡಿಸಿದ ಭಾರದಲ್ಲಿ ಒತ್ತಿ ಎಳೆದರೆ ಗೀರು ಬೀಳುವುದಿಲ್ಲ, ಅಷ್ಟೇ ಇದರ ಅರ್ಥ. ಎದುರಿನ ಟಿಪ್ಪರ್ ಚಕ್ರದಿಂದ ಚಿಮ್ಮಿ ಬರುವ ಜಲ್ಲಿ ಪೆನ್ಸಿಲ್ ಅಲ್ಲ.

ದಪ್ಪ ಎಷ್ಟು ಅಂತ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಕಾರಿನ ಬಣ್ಣದ ಮೇಲೆ ಕಂಪನಿಯವರೇ ಹೊಡೆದಿರುವ ಬಣ್ಣವಿಲ್ಲದ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40–50 ಮೈಕ್ರಾನ್ ಇರುತ್ತದೆ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅದರ ಮೇಲೆ ಈ ಸೆರಾಮಿಕ್ ಪದರ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಪಿಪಿಎಫ್ ಅನ್ನುವ ಫಿಲ್ಮ್ 150ರಿಂದ 200 ಮೈಕ್ರಾನ್ ದಪ್ಪ, ಮತ್ತು ರಬ್ಬರಿನ ಗುಣ ಇರುವ ವಸ್ತು. ಕಲ್ಲಿನ ಪೆಟ್ಟು ತಡೆಯುವುದು ಗಟ್ಟಿತನ ಅಲ್ಲ, ದಪ್ಪ ಮತ್ತು ಮೆತ್ತಗಿನ ಗುಣ. ಕೋಟಿಂಗ್ ಮಾಡಿಸಿದ ಕಾರಿನ ಮೇಲೆ ಕೆಸುವಿನ ಎಲೆಯ ಹಾಗೆ ನೀರು ನಿಲ್ಲುವುದಿಲ್ಲ, ನಿಜ. ಕೆಸುವಿನ ಎಲೆಗೆ ಕಲ್ಲು ಹೊಡೆದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ಕೆಲಸ ಮಾಡಿದ ರೀತಿ. ಕೋಟಿಂಗ್ ಹಚ್ಚುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಕಾರು ತೊಳೆಯಬೇಕು, ಪೇಂಟ್ ಮೇಲೆ ಕೂತ ಕಬ್ಬಿಣದ ಕಣ ಕರಗಿಸಬೇಕು, ಕ್ಲೇ ಎಂಬ ಜೇಡಿಮಣ್ಣಿನಂಥ ಮುದ್ದೆ ಹಾಕಿ ಉಜ್ಜಬೇಕು, ಸಣ್ಣ ಗೀರುಗಳನ್ನು ಪಾಲಿಶ್ ಮಾಡಿ ತೆಗೆಯಬೇಕು, ಎಣ್ಣೆ ಅಂಶ ಪೂರ್ತಿ ಒರೆಸಬೇಕು, ಆಮೇಲೆ ಧೂಳು ಬಾರದ ಮುಚ್ಚಿದ ಕೋಣೆಯಲ್ಲಿ ಒಂದೊಂದೇ ಭಾಗಕ್ಕೆ ಹಚ್ಚಬೇಕು. ಹಚ್ಚಿದ ಮೇಲೆ ಒಂದು ದಿನವಾದರೂ ನೀರು ತಾಗಬಾರದು, ಒಂದು ವಾರ ತೊಳೆಯಬಾರದು. ನನ್ನ ಕಾರಿಗೆ ಕೆಲಸ ಮಾಡಿದ್ದು ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ, ಮೂರು ಬದಿ ತೆರೆದದ್ದು. ಬೆಳಿಗ್ಗೆ ಬಿಟ್ಟ ಕಾರನ್ನು ಸಂಜೆಗೇ "ರೆಡಿ ಸರ್" ಅಂತ ಕೊಟ್ಟರು. ಜೂನ್ ತಿಂಗಳು, ಗಡಿಯ ತಲಪಾಡಿ ದಾಟುವಾಗ ಮಳೆ ಹೊಯ್ಯುತ್ತಿತ್ತು. ಫೋನ್ ಮಾಡಿ ಕೇಳಿದರೆ "ಎಂತ ಆಗುದಿಲ್ಲ, ನಮ್ಮದು ಫಾಸ್ಟ್ ಕ್ಯೂರಿಂಗ್", ಅಂದರೆ ಬೇಗ ಒಣಗಿ ಗಟ್ಟಿಯಾಗುವಂಥದ್ದು, ಎಂಬ ಉತ್ತರ. ಮರುದಿನ ಬಿಸಿಲಿನಲ್ಲಿ ನೋಡಿದರೆ ಹಿಂದಿನ ಬಾಗಿಲಿನ ಮೇಲೆ ಕಾಮನಬಿಲ್ಲಿನ ಹಾಗೆ ಕಲೆ. ಹಚ್ಚಿದ ಮದ್ದನ್ನು ಸರಿಯಾಗಿ ಒರೆಸದೆ ಒಣಗಲು ಬಿಟ್ಟರೆ ಹೀಗೆ ಕಲೆ ಕೂರುತ್ತದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು. ಕಪ್ಪು ಬಣ್ಣ ಎದ್ದುಹೋಗಿ ಕೆಳಗಿನ ಪ್ರೈಮರ್ ಕಾಣುತ್ತಿತ್ತು. ಉಗುರು ಆಡಿಸಿದರೆ ಗುಳಿ ಸಿಗುತ್ತದೆ. ವಾರಂಟಿ ಕಾರ್ಡ್ ಹಿಡಿದು ಹೋದೆ. ಹಿಂಬದಿಯ ಸಣ್ಣಕ್ಷರ ತೋರಿಸಿದರು. ಕಲ್ಲೇಟು ಸೇರುವುದಿಲ್ಲ, ಹಕ್ಕಿ ಹಿಕ್ಕೆ ಸೇರುವುದಿಲ್ಲ, ನೀರಿನ ಕಲೆ ಸೇರುವುದಿಲ್ಲ, ತೊಳೆಯುವಾಗ ಬಿದ್ದ ಗೀರು ಸೇರುವುದಿಲ್ಲ, ಆರು ತಿಂಗಳಿಗೊಮ್ಮೆ ಅವರಲ್ಲೇ ದುಡ್ಡು ಕೊಟ್ಟು ಸರ್ವಿಸ್ ಮಾಡಿಸದಿದ್ದರೆ ಉಳಿದದ್ದೂ ಇಲ್ಲ. ಮತ್ತೆ ಆ ವಾರಂಟಿ ಯಾವುದಕ್ಕೆ ಮಾರಾಯ್ರೆ?

ಅದಕ್ಕಿಂತ ದೊಡ್ಡ ತಮಾಷೆ ಮುಂದಿದೆ. ಮೊದಲ ದಿನ ಬಾನೆಟ್ ಮೇಲೆ ಆಟ ತೋರಿಸಿದ ಅದೇ ಹುಡುಗ, ಅದೇ ನಗು: "ಕಲ್ಲಿಗೆ ಕೋಟಿಂಗ್ ಆಗುದಿಲ್ಲ ಸರ್, ಅದಕ್ಕೆ ಪಿಪಿಎಫ್ ಹಾಕ್ಬೇಕು." ಹಾಕಿ ಅಂದರೆ, ಕೋಟಿಂಗ್ ಮೇಲೆ ಫಿಲ್ಮಿನ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಮೊದಲು ಪಾಲಿಶ್ ಮೆಷಿನ್ ಹಾಕಿ ಕೋಟಿಂಗ್ ತೆಗೆಯಬೇಕು, ಅದಕ್ಕೆ ಬೇರೆ ಚಾರ್ಜ್. ಅಂದರೆ ಹಚ್ಚಲು ಒಮ್ಮೆ, ತೆಗೆಯಲು ಒಮ್ಮೆ! ಫಿಲ್ಮ್ ಮೊದಲು, ಬೇಕಿದ್ದರೆ ಅದರ ಮೇಲೆ ಕೋಟಿಂಗ್. ಈ ಕ್ರಮ ಆ ಅಂಗಡಿಯವರಿಗೆ ಮೊದಲ ದಿನವೇ ಗೊತ್ತಿತ್ತು. ನಾನು ಕಲ್ಲಿನ ಬಗ್ಗೆಯೇ ಕೇಳಿದ್ದೆ ಅನ್ನುವುದೂ ಗೊತ್ತಿತ್ತು.

ಹಾಗಾದರೆ ಫಿಲ್ಮೇ ಒಳ್ಳೆಯದು ಅಂತ ಓಡಬೇಡಿ. ಅಲ್ಲಿಯೂ ಗುಂಡಿ ಇದೆ. ನನ್ನ ಭಾವ ಬದಿಯಡ್ಕದವರು, ಬಿಳಿ ಕಾರು. ಅವರು ಬೇರೆ ಕಡೆ ಬಾನೆಟ್ ಮತ್ತು ಮುಂದಿನ ಬಂಪರಿಗೆ ಫಿಲ್ಮ್ ಹಾಕಿಸಿದರು. ಟಿಪಿಯು ಫಿಲ್ಮ್, ಗೀರು ಬಿದ್ದರೆ ತಾನೇ ಮಾಯುತ್ತದೆ, ಉಳಿದವರಿಗಿಂತ ಅರ್ಧ ರೇಟು ಅಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ಬಾನೆಟ್ ಹಳದಿ, ಬಾಗಿಲು ಬಿಳಿ. ಹೆಡ್‌ಲೈಟ್ ಪಕ್ಕದಲ್ಲಿ ಅಂಚು ಎದ್ದು ಅದರೊಳಗೆ ಕೆಂಪು ಮಣ್ಣಿನ ಗೆರೆ ಕೂತಿತ್ತು, ಎಷ್ಟು ತೊಳೆದರೂ ಹೋಗದು.

ಒಳ್ಳೆಯ ಪಿಪಿಎಫ್ ಟಿಪಿಯು ಎಂಬ ಪ್ಲಾಸ್ಟಿಕ್‌ನದು, ಅಂದರೆ ಪಾಲಿಯುರೆಥೇನ್. ಅಗ್ಗದ್ದು ಪಿವಿಸಿ. ಪಿವಿಸಿಯನ್ನು ಮೆತ್ತಗೆ ಮಾಡಲು ಹಾಕುವ ಎಣ್ಣೆಯಂಥ ಪದಾರ್ಥ ಬಿಸಿಲಿಗೆ ನಿಧಾನವಾಗಿ ಹೊರಟುಹೋಗುತ್ತದೆ, ಫಿಲ್ಮ್ ಹಳದಿಯಾಗಿ ಬಿರುಸಾಗುತ್ತದೆ. ಕೆಲವರು ಟಿಪಿಎಚ್ ಅಂತ ಹೆಸರಿಟ್ಟು ಮಾರುತ್ತಾರೆ, ಅದೂ ಹೆಚ್ಚಾಗಿ ಪಿವಿಸಿ ಜಾತಿಯೇ. ಅಂಗಡಿಯಲ್ಲಿ ಹಿತ್ತಾಳೆ ಬ್ರಶ್ಶಿನಿಂದ ಉಜ್ಜಿ, ಬಿಸಿನೀರು ಹೊಯ್ದು "ನೋಡಿ ಗೀರು ಹೋಯ್ತು" ಅಂತ ತೋರಿಸುತ್ತಾರಲ್ಲ, ಅದೊಂದನ್ನೇ ನಂಬಬೇಡಿ. ಗೀರು ಮಾಯುವುದು ಮೇಲಿನ ತೆಳು ಪದರದ ಗುಣ, ಅದನ್ನು ಪಿವಿಸಿ ಮೇಲೂ ಹಚ್ಚಬಹುದು.

ಭಾವನ ಫಿಲ್ಮ್ ಏನೆಂದು ಗೊತ್ತಾದದ್ದು ಅವರ ಪಕ್ಕದ ಮನೆಯ ರಸಾಯನಶಾಸ್ತ್ರದ ಮೇಷ್ಟ್ರಿಂದ. ಕತ್ತರಿಸಿದ ಒಂದು ತುಂಡು ತನ್ನಿ ಅಂದರು. ಅಂಗಳದಲ್ಲಿ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಉರಿಯ ಬಣ್ಣ ಬದಲಾಗುವುದು ನಿಲ್ಲುವ ತನಕ ಕಾಯಿಸಿದರು. ಆ ಬಿಸಿ ತಂತಿಯನ್ನು ಫಿಲ್ಮಿನ ತುಂಡಿಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿದರು. ಉರಿ ಪಚ್ಚೆಯಂಥ ಹಸಿರಾಯಿತು. ಕ್ಲೋರಿನ್ ಇದ್ದರೆ ಹಾಗಾಗುತ್ತದೆ, ಇದಕ್ಕೆ ಬೈಲ್‌ಸ್ಟೈನ್ ಪರೀಕ್ಷೆ ಅಂತ ಹೆಸರು. ಪಿವಿಸಿಯಲ್ಲಿ ಕ್ಲೋರಿನ್ ಇದೆ, ಟಿಪಿಯುನಲ್ಲಿ ಇಲ್ಲ. ಮಾಡುವುದಾದರೆ ಹೊರಗೆ, ಗಾಳಿ ಇರುವಲ್ಲಿ, ಉಗುರಿನಷ್ಟು ತುಂಡಿನಲ್ಲಿ ಮಾತ್ರ ಮಾಡಿ. ಆ ಹೊಗೆ ಒಳ್ಳೆಯದಲ್ಲ. ಫಿಲ್ಮ್ ಹಾಕಿಸುವ ಮೊದಲೇ ರೋಲಿನಿಂದ ಒಂದು ಚೂರು ಕೇಳಿ. ಚೂರು ಕೊಡಲು ಯಾರು ಮೀನ ಮೇಷ ಎಣಿಸುತ್ತಾರೆ ಅನ್ನುವುದರಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ.

ತೆಗೆಸುವಾಗ ಇನ್ನೊಂದು ಪೆಟ್ಟು. ಭಾವನ ಬಂಪರಿಗೆ ಹಿಂದೊಮ್ಮೆ ಗೀರು ಬಿದ್ದು ಹೊರಗೆ ಪೇಂಟ್ ಹೊಡೆಸಿದ್ದರು. ಫಿಲ್ಮ್ ಎಳೆಯುವಾಗ ಆ ಪೇಂಟ್ ಅಂಗೈಯಗಲ ಕಿತ್ತುಬಂತು. ಕಂಪನಿ ಪೇಂಟ್ ಸಾಮಾನ್ಯವಾಗಿ ಹೀಗೆ ಬರುವುದಿಲ್ಲ, ಮರುಪೇಂಟ್ ಮಾಡಿದ್ದಕ್ಕೆ ಈ ಅಪಾಯ ಇದ್ದೇ ಇದೆ. ಹಾಕುವ ಮೊದಲು ಒಬ್ಬರಾದರೂ ಕೇಳಬೇಕಿತ್ತು, ಕೇಳಲಿಲ್ಲ. ಬಾನೆಟ್ ಅಂಚಿನಲ್ಲಿ ಬ್ಲೇಡಿನ ಉದ್ದ ಗೆರೆಯೂ ಸಿಕ್ಕಿತು. ಫಿಲ್ಮನ್ನು ಕಾರಿನ ಮೇಲೆಯೇ ಇಟ್ಟು ಕತ್ತರಿಸಿದ್ದರ ಗುರುತು ಅದು. ನಿಮ್ಮ ಕಾರಿನ ಅಳತೆಗೆ ಮೆಷಿನ್‌ನಲ್ಲಿ ಮೊದಲೇ ಕತ್ತರಿಸಿದ ಫಿಲ್ಮ್ ಹಾಕುವವರು ಇದ್ದಾರೆ, ಅವರನ್ನೇ ಹುಡುಕಿ.

ನನ್ನನ್ನು ಕೇಳಿದರೆ, ಹೆದ್ದಾರಿಯಲ್ಲಿ ದಿನಾ ಓಡಿಸುವವರು ಬಾನೆಟ್, ಮುಂದಿನ ಬಂಪರ್, ಕನ್ನಡಿಯ ಹಿಂಬದಿ, ಚಕ್ರದ ಹಿಂದಿನ ಕೆಳಭಾಗ, ಇಷ್ಟಕ್ಕೆ ಮಾತ್ರ ಒಳ್ಳೆಯ ಟಿಪಿಯು ಹಾಕಿಸಿ. ಕಲ್ಲು ಬೀಳುವುದು ಅಲ್ಲೇ. ಛಾವಣಿಗೆಲ್ಲ ಯಾಕೆ? ಊರೊಳಗೆ ಮಾತ್ರ ಓಡಿಸಿ ಹಲಸಿನ ಮರದಡಿ, ಗೇರು ಮರದಡಿ ನಿಲ್ಲಿಸುವವರಿಗೆ ಕೋಟಿಂಗಿನಿಂದ ಒಂದಿಷ್ಟು ಉಪಯೋಗ ಇದೆ. ಮರದ ಮೇಣ, ಬಾವಲಿ ಹಿಕ್ಕೆ ಬೇಗ ಕಚ್ಚುವುದಿಲ್ಲ, ತೊಳೆಯಲು ಸುಲಭ. ಆದರೆ ಅದನ್ನೂ ಅದೇ ದಿನ ತೊಳೆಯಲೇಬೇಕು, ವಾರ ಬಿಟ್ಟರೆ ಕೋಟಿಂಗ್ ಇದ್ದರೂ ಕಲೆ ಉಳಿಯುತ್ತದೆ. ಅಷ್ಟೂ ದುಡ್ಡು ಬೇಡ ಅನ್ನುವವರು ಆಗಾಗ ವ್ಯಾಕ್ಸ್ ಹಚ್ಚಿ, ಏನೂ ನಷ್ಟ ಇಲ್ಲ.

ಬಿಲ್ ಬಗ್ಗೆ ಗಟ್ಟಿಯಾಗಿರಿ. "ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಸರ್" ಅಂತಾರೆ. ಆಗಲಿ, ಕೊಡಿ. ನಾನು ಕೊಟ್ಟು ತೆಗೆದುಕೊಂಡೆ, ಆದರೆ ಬಿಲ್ಲಿನಲ್ಲಿ ಬರೆದದ್ದು "ಕಾರ್ ಕೇರ್ ಪ್ಯಾಕೇಜ್" ಅಂತ ಮಾತ್ರ. ಹಾಗಲ್ಲ, ಯಾವ ಕಂಪನಿಯ ಯಾವ ಮಾಲು, ಫಿಲ್ಮ್ ಆದರೆ ಟಿಪಿಯು ಎಂಬ ಮಾತು, ದಪ್ಪ, ರೋಲ್ ನಂಬರ್, ಯಾವ ಭಾಗಗಳಿಗೆ ಹಾಕಿದ್ದು, ಎಲ್ಲ ಬರೆಸಿಕೊಳ್ಳಿ. ಆ ರೋಲ್ ನಂಬರನ್ನು ನೀವೇ ಫಿಲ್ಮ್ ಕಂಪನಿಗೆ ಕಳಿಸಿ ವಿಚಾರಿಸಿ. "ಕಲ್ಲಿಗೆ ಏನೂ ಆಗಲ್ಲ" ಅನ್ನುವ ಮಾತನ್ನು ವಾಟ್ಸಾಪಿನಲ್ಲಿ ಕಳಿಸಲು ಹೇಳಿ. ಕಳಿಸುವುದಿಲ್ಲ, ನೋಡಿ.

ಗಡಿ ಆಚೆಯ ಅಂಗಡಿ, ನಾವು ಕೇರಳದವರು, ದೂರು ಕೊಡಲು ಮಂಗಳೂರಿಗೆ ಅಲೆಯಬೇಕು ಅಂತ ನಮ್ಮಲ್ಲಿ ತುಂಬ ಜನ ಸುಮ್ಮನಾಗುತ್ತಾರೆ. ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, 2 ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನಾನು 1915ರಲ್ಲಿ ದೂರು ಬರೆಸಿದ ಮೇಲೆ ಅಂಗಡಿಯವರ ಧ್ವನಿ ಸ್ವಲ್ಪ ಮೆತ್ತಗಾಗಿದೆ. ದೂರು ವಾಪಸ್ ತೆಗೆದರೆ ಇಡೀ ಕಾರಿಗೆ ಉಚಿತವಾಗಿ ಪಾಲಿಶ್ ಮಾಡಿ ಇನ್ನೊಮ್ಮೆ ಕೋಟಿಂಗ್ ಹಚ್ಚಿ ಕೊಡುತ್ತಾರಂತೆ. ಪ್ರತಿ ಪಾಲಿಶ್‌ಗೂ ಕ್ಲಿಯರ್ ಕೋಟ್ ಅಷ್ಟಷ್ಟು ಸವೆಯುತ್ತದೆ. ಇರುವುದನ್ನೂ ಉಜ್ಜಿಸಿಕೊಳ್ಳಲು ನಾನು ತಯಾರಿಲ್ಲ, ಹಣ ವಾಪಸ್ ಕೊಡಿ ಎಂದಿದ್ದೇನೆ.