ಗಣಿಯ ಫೈಫೋ ಪೇಸ್ಲಿಪ್‌ನಲ್ಲಿ ಗಂಟೆಗೆ ಒಂದೇ ದರ, ಒಂದೇ ಸಾಲು ಇದ್ದರೆ ಎಚ್ಚರ

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಕಬ್ಬಿಣದ ಅದಿರಿನ ಗಣಿಗಳಿಗೆ ಕೆಲಸಗಾರರನ್ನು ಒದಗಿಸುತ್ತಿದ್ದ ಗುತ್ತಿಗೆ ಕಂಪನಿಯೊಂದು ತನ್ನ ಪೇಸ್ಲಿಪ್‌ಗಳಿಂದಲೇ ಸಿಕ್ಕಿಹಾಕಿಕೊಂಡಿತು. ಅಂಥ ಪೇಸ್ಲಿಪ್‌ಗಳು ಬೆಂಗಳೂರಿನ ಪೇರೋಲ್ ಕಚೇರಿಗಳಲ್ಲೂ ತಯಾರಾಗುತ್ತವೆ, ಪರ್ತ್‌ನಲ್ಲಿ ನೆಲೆಸಿದ ಕನ್ನಡಿಗರ ಕೈಗೂ ಬರುತ್ತವೆ. ಮಾಡುವವರು, ಪಡೆಯುವವರು ಇಬ್ಬರೂ ಓದಲಿ ಎಂದು ಅಲ್ಲಿ ಆದ ತಪ್ಪುಗಳನ್ನು ಬಿಡಿಸಿ ಬರೆಯುತ್ತಿದ್ದೇವೆ.

ಫೈಫೋ ಎಂದರೆ ವಿಮಾನದಲ್ಲಿ ಗಣಿಗೆ ಹೋಗಿ, ಕ್ಯಾಂಪ್‌ನಲ್ಲಿ ಉಳಿದು ದುಡಿದು, ಪಾಳಿ ಮುಗಿದ ಮೇಲೆ ವಿಮಾನದಲ್ಲೇ ಊರಿಗೆ ವಾಪಸಾಗುವ ಕೆಲಸ. ಈ ಕಂಪನಿಯದು 2:1 ಸ್ವಿಂಗ್, ಅಂದರೆ 14 ದಿನ ಕೆಲಸ, 7 ದಿನ ಬಿಡುವು. ದಿನಕ್ಕೆ 12 ಗಂಟೆ. ಸಂಬಳ ಎರಡು ವಾರಕ್ಕೊಮ್ಮೆ ತಪ್ಪದೆ ಖಾತೆಗೆ ಬೀಳುತ್ತಿದ್ದುದರಿಂದ ಯಾರೂ ಪೇಸ್ಲಿಪ್ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ತೆರೆದಿದ್ದರೆ ಕಾಣುತ್ತಿದ್ದುದು ಇಷ್ಟು: 168 ಗಂಟೆ, ಗಂಟೆಗೆ ಇಂತಿಷ್ಟು ಡಾಲರ್, ಒಟ್ಟು ಮೊತ್ತ, ತೆರಿಗೆ, ‘ಇತರೆ ಕಡಿತ’, ‘ಸೂಪರ್’ (ನಿವೃತ್ತಿಗಾಗಿ ಕಂಪನಿ ನಿಧಿಗೆ ಕಟ್ಟುವ ಸೂಪರ್‌ಆನ್ಯುಯೇಷನ್), ಕೈಗೆ ಬರುವ ಮೊತ್ತ. ಎಲ್ಲಕ್ಕೂ ಒಂದೊಂದೇ ಸಾಲು.

ಕಾನೂನು ಕೇಳುವುದು ಇದಲ್ಲ. ಫೇರ್ ವರ್ಕ್ ಕಾಯ್ದೆ 2009ರ 536ನೇ ಕಲಮಿನಂತೆ ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಬೇಕು. ಅದರಲ್ಲಿ ಇರಬೇಕಾದದ್ದು ನಿಯಮಾವಳಿಯ 3.46ರಲ್ಲಿದೆ: ಕಂಪನಿಯ ಹೆಸರು ಮತ್ತು ಎಬಿಎನ್ (ವ್ಯಾಪಾರ ನೋಂದಣಿ) ಸಂಖ್ಯೆ, ಕೆಲಸಗಾರರ ಹೆಸರು, ಯಾವ ಅವಧಿಯ ಸಂಬಳ, ಕೊಟ್ಟ ದಿನಾಂಕ, ಕಡಿತಕ್ಕೆ ಮುಂಚಿನ ಮತ್ತು ನಂತರದ ಮೊತ್ತ. ಗಂಟೆ ಲೆಕ್ಕದ ಕೆಲಸವಾದರೆ ಸಾಮಾನ್ಯ ಗಂಟೆಯ ದರ, ಆ ದರದಲ್ಲಿ ದುಡಿದ ಗಂಟೆ, ಅದಕ್ಕೆ ಸಂದ ಹಣ. ಲೋಡಿಂಗ್ (ಮೂಲ ದರದ ಮೇಲೆ ಸೇರಿಸುವ ಮೊತ್ತ), ಭತ್ಯೆ, ಬೋನಸ್, ಪೆನಾಲ್ಟಿ ದರ (ವಾರಾಂತ್ಯ, ರಜಾದಿನ ಮುಂತಾದ ಹೊತ್ತಿನ ಹೆಚ್ಚಿನ ದರ) ಇವುಗಳಲ್ಲಿ ಯಾವುದಿದ್ದರೂ ಪ್ರತ್ಯೇಕವಾಗಿ. ಪ್ರತಿ ಕಡಿತ ಎಷ್ಟು, ಯಾವ ನಿಧಿಗೆ ಅಥವಾ ಖಾತೆಗೆ ಹೋಯಿತು ಎಂಬುದು. ಸೂಪರ್‌ಆನ್ಯುಯೇಷನ್ ಮೊತ್ತದ ಜೊತೆಗೆ ನಿಧಿಯ ಹೆಸರು. ಈ ಕಂಪನಿಯ ಚೀಟಿಯಲ್ಲಿ ನಿಧಿಯ ಹೆಸರೇ ಇರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ನಷ್ಟ ಬಂದದ್ದು ಗಂಟೆಯ ಸಾಲಿನಿಂದ.

ಲೆಕ್ಕ ಸುಲಭವಾಗಲಿ ಎಂದು ದರವನ್ನು 55 ಡಾಲರ್ ಎಂದುಕೊಳ್ಳಿ. 168 ಗಂಟೆಗೆ 9,240 ಡಾಲರ್. ವಾರಕ್ಕೆ ಸರಾಸರಿ 38 ಸಾಮಾನ್ಯ ಗಂಟೆಯಂತೆ ಮೂರು ವಾರದ ಒಂದು ಸ್ವಿಂಗ್‌ಗೆ 114 ಗಂಟೆ; ಉಳಿದ 54 ಗಂಟೆ ಓವರ್‌ಟೈಮ್. ಓವರ್‌ಟೈಮ್ ಮೇಲೆ ಸಾಮಾನ್ಯವಾಗಿ ಸೂಪರ್ ಕೊಡಬೇಕಾಗಿಲ್ಲ. ಹಾಗಾಗಿ ಕಂಪನಿ 114 ಗಂಟೆಯ 6,270 ಡಾಲರ್‌ಗೆ ಮಾತ್ರ 12%, ಅಂದರೆ 752.40 ಡಾಲರ್ ಸೂಪರ್ ಕಟ್ಟುತ್ತಿತ್ತು. ಪೇಸ್ಲಿಪ್ ಹೇಳುತ್ತಿದ್ದುದು ಬೇರೆ: ಓವರ್‌ಟೈಮ್ ಎಂಬ ಮಾತೇ ಅದರಲ್ಲಿಲ್ಲ, ಒಪ್ಪಂದದಲ್ಲೂ ಬಿಡಿಸಿ ಬರೆದಿಲ್ಲ. ಒಟ್ಟು ಮೊತ್ತದಲ್ಲಿ ಓವರ್‌ಟೈಮ್ ಯಾವುದು ಎಂದು ಸ್ಪಷ್ಟವಾಗಿ ಗುರುತಿಸಲು ಬಾರದಿದ್ದರೆ ಇಡೀ ಮೊತ್ತವೇ ಸಾಮಾನ್ಯ ಗಳಿಕೆ ಎಂಬುದು ಆಸ್ಟ್ರೇಲಿಯಾ ತೆರಿಗೆ ಕಚೇರಿಯ ನಿಲುವು. ಎಸ್‌ಜಿಆರ್ 2009/2 ಎಂಬ ರೂಲಿಂಗ್‌ನಲ್ಲಿ ಅದು ಬರಹದಲ್ಲೇ ಇದೆ. ಆಗ 9,240ಕ್ಕೆ 12%, ಅಂದರೆ 1,108.80 ಡಾಲರ್ ಕಟ್ಟಬೇಕು. ಒಂದು ಸ್ವಿಂಗ್‌ಗೆ 356.40 ಡಾಲರ್ ಕಡಿಮೆಯಾಯಿತು. ವರ್ಷಕ್ಕೆ 17 ಸ್ವಿಂಗ್ ಹಿಡಿದರೆ ಒಬ್ಬ ಕೆಲಸಗಾರನಿಗೇ ಆರು ಸಾವಿರ ಡಾಲರ್ ದಾಟುತ್ತದೆ. ಸಾಮಾನ್ಯ ಗಂಟೆಗೊಂದು, ಓವರ್‌ಟೈಮ್‌ಗೊಂದು ಎಂದು ಎರಡು ಸಾಲು ಬರೆದು, ಒಪ್ಪಂದದಲ್ಲೂ ಅದನ್ನೇ ಹೇಳಿದ್ದರೆ ಈ ಬಾಕಿ ಹುಟ್ಟುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ಪೇಸ್ಲಿಪ್‌ನಲ್ಲಿ ಸೂಪರ್ ಕಂಡರೆ ಅದು ನಿಧಿಗೆ ಸೇರಿದೆ ಎಂದರ್ಥವಲ್ಲ. ಕಟ್ಟಬೇಕಾದ ಮೊತ್ತವನ್ನು ತೋರಿಸಿದರೂ ನಿಯಮ ಒಪ್ಪುತ್ತದೆ. ತ್ರೈಮಾಸಿಕ ಪದ್ಧತಿಯಲ್ಲಿ ತ್ರೈಮಾಸಿಕ ಮುಗಿದು 28 ದಿನದವರೆಗೂ ಕಂಪನಿಗೆ ಅವಕಾಶವಿತ್ತು. 2026ರ ಜುಲೈ 1ರಿಂದ ಅನ್ವಯಿಸುವ ಪೇಡೇ ಸೂಪರ್ ನಿಯಮದಲ್ಲಿ ಸಂಬಳದ ದಿನದಿಂದ 7 ವ್ಯವಹಾರ ದಿನದೊಳಗೆ ಹಣ ನಿಧಿಗೆ ಮುಟ್ಟಬೇಕು. ಕೆಲಸಗಾರರು ಸರ್ಕಾರದ ಮೈಗವ್ ಆನ್‌ಲೈನ್ ಖಾತೆಯಲ್ಲೋ ನಿಧಿಯ ಆ್ಯಪ್‌ನಲ್ಲೋ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಒಂದೇ ದರದ ಎರಡನೇ ಪೆಟ್ಟು ಕ್ಯಾಶುಯಲ್ ಕೆಲಸಗಾರರ, ಅಂದರೆ ಸಂಬಳಸಹಿತ ರಜೆಯ ಬದಲು ಗಂಟೆಯ ದರದ ಮೇಲೆ ಲೋಡಿಂಗ್ ಪಡೆಯುವವರ ವಿಷಯದಲ್ಲಿ ಬಿತ್ತು. 55 ಡಾಲರ್‌ನಲ್ಲಿ 25% ಲೋಡಿಂಗ್ ಸೇರಿದೆ ಎಂದು ಕಂಪನಿ ಬಾಯಲ್ಲಿ ಹೇಳುತ್ತಿತ್ತು. ಹಾಗಿದ್ದರೆ 44 ಡಾಲರ್ ಮೂಲ ದರ, 11 ಡಾಲರ್ ಲೋಡಿಂಗ್ ಎಂದು ಬೇರೆಬೇರೆ ತೋರಿಸಬೇಕಿತ್ತು. ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಕ್ವೀನ್ಸ್‌ಲ್ಯಾಂಡಿನ ಕಲ್ಲಿದ್ದಲು ಗಣಿಯಲ್ಲಿ ಏಳು ದಿನ ಕೆಲಸ, ಏಳು ದಿನ ಬಿಡುವಿನಂತೆ ಟ್ರಕ್ ಓಡಿಸುತ್ತಿದ್ದ ಫೈಫೋ ಕೆಲಸಗಾರರೊಬ್ಬರ ಪ್ರಕರಣದಲ್ಲಿ 2018ರಲ್ಲಿ ಫೆಡರಲ್ ಕೋರ್ಟಿನ ಪೂರ್ಣ ಪೀಠ ಅವರು ಕ್ಯಾಶುಯಲ್ ಅಲ್ಲ, ವಾರ್ಷಿಕ ರಜೆಗೆ ಹಕ್ಕುದಾರರು ಎಂದಿತು. ಅವರಿಗೂ ಗಂಟೆಗೆ ಒಂದೇ ದರವಿತ್ತು. 2021ರ ಮಾರ್ಚ್‌ನಲ್ಲಿ ಕಾಯ್ದೆ ಬದಲಾಯಿತು. ಕ್ಯಾಶುಯಲ್ ಎಂದುಕೊಂಡವರು ಹಾಗಲ್ಲವೆಂದು ತೀರ್ಮಾನವಾದರೆ, ಕೊಟ್ಟಿದ್ದ ಲೋಡಿಂಗನ್ನು ರಜೆ ಮುಂತಾದ ಬಾಕಿಗೆ ವಜಾ ಹಾಕಿಕೊಳ್ಳಬಹುದು. ಆದರೆ ಆ ಮೊತ್ತ ಯಾವುದಕ್ಕೆ ಬದಲಾಗಿ ಕೊಟ್ಟದ್ದೆಂದು ಸ್ಪಷ್ಟವಾಗಿ ಗುರುತಿಸಲು ಬರಬೇಕು. ಒಂದೇ ಸಾಲಿನ ಪೇಸ್ಲಿಪ್ ಇಟ್ಟುಕೊಂಡು ಅದನ್ನು ತೋರಿಸುವುದು ಕಷ್ಟ.

ಸ್ವಿಂಗ್‌ಗೂ ಸಂಬಳದ ಅವಧಿಗೂ ಹೊಂದಾಣಿಕೆ ಇಲ್ಲದಿರುವುದು ಫೈಫೋ ಪೇರೋಲ್‌ನ ನಿಜವಾದ ಕಗ್ಗಂಟು. 21 ದಿನದ ಸ್ವಿಂಗ್ 14 ದಿನದ ಸಂಬಳದ ಅವಧಿಗೆ ಕೂರುವುದಿಲ್ಲ. ಎರಡೂ ಒಂದೇ ದಿನ ಶುರುವಾದರೆ ಮೊದಲ ಅವಧಿಯಲ್ಲಿ 14 ಪಾಳಿ, ಎರಡನೆಯದರಲ್ಲಿ 7, ಮೂರನೆಯದರಲ್ಲಿ 7. ಗಂಟೆಯಲ್ಲಿ 168, 84, 84. ಕೆಲಸಗಾರರಿಗೆ ಏರಿಳಿತ ಬೇಡವೆಂದು ಕಂಪನಿ ಕೆಲವರಿಗೆ ಸರಾಸರಿ ಹಾಕಿ ಪ್ರತಿ ಅವಧಿಗೆ 112 ಗಂಟೆ ಎಂದು ಬರೆಯತೊಡಗಿತು. ಸರಾಸರಿ ಸಂಬಳ ಕೊಡುವುದು ತಪ್ಪಲ್ಲ. ದುಡಿದ ಗಂಟೆಯೇ 112 ಎಂದು ತೋರಿಸಿದ್ದು ತಪ್ಪು. ಸುಳ್ಳು ಅಥವಾ ದಾರಿತಪ್ಪಿಸುವ ಪೇಸ್ಲಿಪ್ ಎಂದು ತಿಳಿದೂ ಕೊಟ್ಟರೆ 536ನೇ ಕಲಮಿನಲ್ಲೇ ಅದು ಬೇರೆ ಉಲ್ಲಂಘನೆ. ಮೊದಲ ಸ್ವಿಂಗ್‌ನ 14 ದಿನದ ದುಡಿಮೆ ಮುಗಿಯುತ್ತಲೇ ಕೆಲಸ ಬಿಟ್ಟವರಿಗೆ 56 ಗಂಟೆಯ ಹಣ ಬಾಕಿ ಉಳಿಯಿತು, ಅದು ಯಾವ ಪೇಸ್ಲಿಪ್‌ನಲ್ಲೂ ಕಾಣಲಿಲ್ಲ. ಸರಿಯಾದ ದಾರಿ ಎಂದರೆ ಆ ಅವಧಿಯಲ್ಲಿ ನಿಜಕ್ಕೂ ದುಡಿದ ಗಂಟೆ, ಈಗ ಕೊಟ್ಟ ಸರಾಸರಿ ಮೊತ್ತ, ಮುಂದಕ್ಕೆ ಉಳಿದ ಬಾಕಿ ಎಂದು ಮೂರು ಸಾಲು.

ಸರಾಸರಿ ಹಾಕದವರಿಗೆ ಇನ್ನೊಂದು ತಲೆನೋವು. 9,240 ಬಂದ ಅವಧಿಯಲ್ಲಿ ತೆರಿಗೆ ಕೋಷ್ಟಕ ಅದನ್ನೇ ವರ್ಷವಿಡೀ ಗಳಿಸುತ್ತೀರಿ ಎಂದು ಎಣಿಸುತ್ತದೆ: 26 ಅವಧಿಗೆ 2,40,240 ಡಾಲರ್, ಮೇಲ್ಪದರಕ್ಕೆ 45%. ಸರಾಸರಿ 6,160 ಹಿಡಿದರೆ 1,60,160 ಡಾಲರ್, ಅದು 37%ರ ಮೆಟ್ಟಿಲು. ಹೆಚ್ಚು ಹಿಡಿದ ತೆರಿಗೆ ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ. ಇದು ಕಂಪನಿಯ ಮೋಸವಲ್ಲ, ಗಾಬರಿ ಬೇಡ.

ಆದರೆ ‘ಒಟ್ಟಿನಲ್ಲಿ ಅವಾರ್ಡ್‌ಗಿಂತ ಹೆಚ್ಚೇ ಕೊಟ್ಟಿದ್ದೇವೆ’ ಎಂಬ ಮಾತನ್ನು ಸುಮ್ಮನೆ ನಂಬಬೇಡಿ. ಅವಾರ್ಡ್ ಎಂದರೆ ಒಂದೊಂದು ಉದ್ಯಮಕ್ಕೆ ಕನಿಷ್ಠ ಸಂಬಳ, ಷರತ್ತುಗಳನ್ನು ಗೊತ್ತುಮಾಡುವ ಆದೇಶ. 2025ರ ಸೆಪ್ಟೆಂಬರ್‌ನಲ್ಲಿ ಎರಡು ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಗಳ ಪ್ರಕರಣದಲ್ಲಿ ಫೆಡರಲ್ ಕೋರ್ಟ್ ಒಂದು ಸಂಬಳ ಅವಧಿಯಲ್ಲಿ ಹೆಚ್ಚು ಕೊಟ್ಟದ್ದನ್ನು ಇನ್ನೊಂದು ಅವಧಿಯ ಕೊರತೆಗೆ ಸರಿದೂಗಿಸುವಂತಿಲ್ಲ ಎಂದಿತು. ಅವಾರ್ಡ್‌ಗೆ ಒಳಪಟ್ಟ ಫೈಫೋ ಕೆಲಸಕ್ಕೆ ಇದರ ಬಿಸಿ ಜೋರಾಗಿಯೇ ತಟ್ಟುತ್ತದೆ, ಏಕೆಂದರೆ 84 ಗಂಟೆಯ ಅವಧಿಯ ಹಣದಿಂದ 168 ಗಂಟೆಯ ಅವಧಿಯ ಓವರ್‌ಟೈಮ್ ತುಂಬುವುದೇ ಇಲ್ಲಿ ರೂಢಿ. ಹೋಲಿಕೆ ಪ್ರತಿ ಅವಧಿಗೂ ಮಾಡಬೇಕು.

ಕಡಿತಗಳಿಗೆ ಬರೋಣ. ‘ಇತರೆ’ ಎಂಬ ಸಾಲನ್ನು ಬಿಡಿಸಿದಾಗ ಅದರೊಳಗೆ ತಪ್ಪಿಹೋದ ವಿಮಾನದ ಟಿಕೆಟ್, ಸುರಕ್ಷಾ ಬೂಟು, ಕ್ಯಾಂಪ್ ಕೋಣೆಯ ಕಳೆದ ಕೀ ಕಾರ್ಡ್ ಎಲ್ಲ ಇದ್ದವು. 324ನೇ ಕಲಮಿನಲ್ಲಿ ಕಡಿತಕ್ಕೆ ದಾರಿಗಳು ಕೆಲವೇ: ಕೆಲಸಗಾರರು ಬರಹದಲ್ಲಿ ಒಪ್ಪಿರಬೇಕು ಮತ್ತು ಅದು ಮುಖ್ಯವಾಗಿ ಅವರ ಒಳಿತಿಗೇ ಇರಬೇಕು, ಇಲ್ಲವೇ ಕಾನೂನು, ಕೋರ್ಟ್ ಆದೇಶ, ಅವಾರ್ಡ್ ಅಥವಾ ನೋಂದಾಯಿತ ಒಪ್ಪಂದ ಅನುಮತಿಸಿರಬೇಕು. ಕಂಪನಿಗೇ ಲಾಭವಾಗುವ, ಸಕಾರಣವಲ್ಲದ ಕಡಿತಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಅದು ನಿಲ್ಲುವುದಿಲ್ಲ. ಬೂಟಿನ ಹಣ ಹಿಡಿದದ್ದು ನಿಜಕ್ಕೂ ನಾಚಿಕೆಗೇಡು.

ರಜೆಯ ಲೆಕ್ಕ ಕಾಯಂ ನೌಕರರಿಗೆ ಸಂಬಂಧಿಸಿದ್ದು. ಪೇಸ್ಲಿಪ್‌ನಲ್ಲಿ ರಜೆಯ ಬಾಕಿ ತೋರಿಸಲೇಬೇಕೆಂದು ಇಲ್ಲ, ತೋರಿಸಿದರೆ ಗಂಟೆಯಲ್ಲಿ ತೋರಿಸಿ. ಟಾಸ್ಮೇನಿಯಾದ ಚಾಕೊಲೇಟ್ ಕಾರ್ಖಾನೆಯ 12 ಗಂಟೆ ಪಾಳಿಯ ಕೆಲಸಗಾರರ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ 2020ರ ಆಗಸ್ಟ್‌ನಲ್ಲಿ, ವರ್ಷಕ್ಕೆ 10 ದಿನದ ಅನಾರೋಗ್ಯ ರಜೆ ಎಂದರೆ ಎರಡು ವಾರದ ಸಾಮಾನ್ಯ ಗಂಟೆ ಎಂದಿತು. ವಾರಕ್ಕೆ 38 ಗಂಟೆಯವರಿಗೆ ಅದು 76 ಗಂಟೆ. ಈ ಕಂಪನಿ ಒಂದು ಪಾಳಿ ತಪ್ಪಿದರೆ 12 ಗಂಟೆ ಕಳೆಯುತ್ತಿತ್ತು. ರೋಸ್ಟರ್‌ನಲ್ಲಿ ಆ ಪಾಳಿಯ 8 ಗಂಟೆ ಮಾತ್ರ ಸಾಮಾನ್ಯ, 4 ಓವರ್‌ಟೈಮ್ ಆಗಿದ್ದರೆ ಕಳೆಯಬೇಕಾದದ್ದು 8. ಗಂಟೆಗಳನ್ನು ಬಿಡಿಸದ ಸಾಫ್ಟ್‌ವೇರ್‌ಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಕೌಟುಂಬಿಕ ದೌರ್ಜನ್ಯದ ಸಂಬಳಸಹಿತ ರಜೆ, ವರ್ಷಕ್ಕೆ 10 ದಿನ, 2023ರಿಂದ ಜಾರಿಯಲ್ಲಿದೆ. ಅದರ ಹೆಸರಾಗಲಿ, ಬಾಕಿಯಾಗಲಿ ಪೇಸ್ಲಿಪ್‌ನಲ್ಲಿ ಬರಲೇಕೂಡದು, ಏಕೆಂದರೆ ಹೊಡೆಯುವವರೇ ಮನೆಯಲ್ಲಿ ಆ ಪೇಸ್ಲಿಪ್ ನೋಡಬಹುದು. ಸಾಮಾನ್ಯ ಗಂಟೆಯ ಸಂಬಳವೆಂದೇ ತೋರಿಸಿ. ಸಾಫ್ಟ್‌ವೇರ್ ಬದಲಿಸಿದಾಗಲೆಲ್ಲ ಈ ರಜೆಯ ಕೋಡ್ ಪೇಸ್ಲಿಪ್‌ಗೆ ಅಚ್ಚಾಗುತ್ತಿದೆಯೇ ಎಂದು ಒಂದು ಮಾದರಿ ತೆಗೆದು ಕಣ್ಣಾರೆ ನೋಡಿ. ಇದರಲ್ಲಿ ಸಡಿಲ ಬೇಡವೇ ಬೇಡ.

ಬೆಂಗಳೂರಿನಿಂದ ಪೇರೋಲ್ ಮಾಡುವವರಿಗೆ ಕೆಲವು ಮಾತು. ಪರ್ತ್ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 12.30 ಆದಾಗ ಇಲ್ಲಿ ಹಿಂದಿನ ದಿನದ ರಾತ್ರಿ 10. ಟೈಮ್‌ಶೀಟ್ ಭಾರತದ ಸಮಯಕ್ಕೆ ಬದಲಾದರೆ ಸಾರ್ವಜನಿಕ ರಜೆಯ ಗಂಟೆಗಳು ಹಿಂದಿನ ದಿನಕ್ಕೆ ಜಾರಿಬಿಡುತ್ತವೆ. ಡಿಸೆಂಬರ್ 24ರ ಸಂಜೆ 6ರಿಂದ ಮರುದಿನ ಬೆಳಗ್ಗೆ 6ರ ಪಾಳಿಯಲ್ಲಿ ಕ್ರಿಸ್ಮಸ್‌ನ ಆರು ಗಂಟೆ ಮೂರೂವರೆಯಾಗುತ್ತದೆ. ಇನ್ನು, ಸಾರ್ವಜನಿಕ ರಜೆಯನ್ನು ನಿರ್ಧರಿಸುವುದು ಕೆಲಸದ ಮಟ್ಟಿಗೆ ನೌಕರರು ಎಲ್ಲಿಯವರೆಂದು ಗೊತ್ತಾಗಿದೆಯೋ ಆ ಜಾಗ. ರಾಜನ ಹುಟ್ಟುಹಬ್ಬದ ರಜೆ ನ್ಯೂ ಸೌತ್ ವೇಲ್ಸ್‌ನಲ್ಲಿ ಜೂನ್‌ನಲ್ಲಿ, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅಕ್ಟೋಬರ್‌ನಲ್ಲಿ ಬರುತ್ತದೆ. ನೌಕರರ ದಾಖಲೆಯಲ್ಲಿ ಆ ಜಾಗವನ್ನು ಬರೆದಿಡದಿದ್ದರೆ ಲೆಕ್ಕ ಅಂದಾಜಿನದ್ದಾಗುತ್ತದೆ. ಗುರುವಾರ ಸಂಬಳ ಹಾಕಿ ಶುಕ್ರವಾರ ಕನ್ನಡ ರಾಜ್ಯೋತ್ಸವಕ್ಕೆ ಕಚೇರಿ ಮುಚ್ಚಿದರೆ, ಒಂದು ಕೆಲಸದ ದಿನದ ಗಡುವು ಅದಕ್ಕಾಗಿ ಕಾಯುವುದಿಲ್ಲ. ಪೇಸ್ಲಿಪ್ ಅನ್ನು ಕಂಪನಿಯ ಇಮೇಲ್‌ಗೆ ಕಳುಹಿಸಬೇಡಿ. ಕೆಲಸ ಬಿಟ್ಟ ದಿನ ಆ ಇಮೇಲ್ ಮುಚ್ಚಿಹೋಗುತ್ತದೆ, ಕೊನೆಯ ಪೇಸ್ಲಿಪ್ ಅದರಲ್ಲೇ ಉಳಿಯುತ್ತದೆ. ಸ್ವಂತ ಇಮೇಲ್‌ಗೆ ಕಳುಹಿಸಿ.

ಭತ್ಯೆಗಳನ್ನೂ ಹೆಸರಿಟ್ಟು ಬಿಡಿಸಿ. ಸಂಬಳದ ದಿನವೇ ತೆರಿಗೆ ಕಚೇರಿಗೆ ಹೋಗುವ ಎಸ್‌ಟಿಪಿ ಎರಡನೇ ಹಂತದ ವರದಿಯಲ್ಲಿ ಓವರ್‌ಟೈಮ್, ಪ್ರಯಾಣ ಭತ್ಯೆ, ಉಪಕರಣ ಭತ್ಯೆ, ಊಟದ ಭತ್ಯೆ ಎಲ್ಲಕ್ಕೂ ಬೇರೆಬೇರೆ ಜಾಗವಿದೆ. ‘ಸೈಟ್ ಭತ್ಯೆ’ ಎಂದು ಒಂದೇ ಸಾಲು ಹಾಕಿದರೆ ಯಾವುದು ಎಲ್ಲಿಗೆ ಹೋಗಬೇಕೆಂದು ವರ್ಷದ ಕೊನೆಗೆ ಯಾರಿಗೂ ತಿಳಿಯುವುದಿಲ್ಲ.

ಕೆಲಸಗಾರರು ತಾವಾಗಿ ಬೀಳುವ ಬಲೆಯೂ ಒಂದಿದೆ. ದೂರದ ಪ್ರದೇಶದವರಿಗೆ ಸಿಗುವ ಜೋನ್ ತೆರಿಗೆ ರಿಯಾಯಿತಿಯನ್ನು ಪೇರೋಲ್‌ನಲ್ಲೇ ಕೇಳಿ, ಪ್ರತಿ ಸಂಬಳದಲ್ಲೂ ಕಡಿಮೆ ತೆರಿಗೆ ಹಿಡಿಸಿಕೊಳ್ಳುವವರಿದ್ದಾರೆ. 2015ರ ಜುಲೈ 1ರಿಂದ ಸಾಮಾನ್ಯವಾಗಿ ವಾಸಿಸುವ ಮನೆ ಆ ಜೋನ್‌ನಲ್ಲಿದ್ದರೆ ಮಾತ್ರ ಅದು ಸಿಗುತ್ತದೆ. ಪರ್ತ್‌ನಲ್ಲಿ ಮನೆ ಮಾಡಿಕೊಂಡು ಪಿಲ್ಬರಾಕ್ಕೆ ಹೋಗಿಬರುವವರಿಗೆ ಇಲ್ಲ. ವರ್ಷದ ಕೊನೆಗೆ ಅಷ್ಟೂ ಮೊತ್ತ ತೆರಿಗೆ ಬಾಕಿಯಾಗಿ ಬರುತ್ತದೆ.

ಆ ಕಂಪನಿ ಕೊನೆಗೆ ಸೋತದ್ದು ದಾಖಲೆಯ ಕೊರತೆಯಿಂದ. 2017ರ ತಿದ್ದುಪಡಿಯ ನಂತರ, ಸರಿಯಾದ ದಾಖಲೆ ಇಡದ ಅಥವಾ ಪೇಸ್ಲಿಪ್ ಕೊಡದ ಕಂಪನಿಯ ಮೇಲೆ ಬಾಕಿಯ ಆರೋಪ ಬಂದರೆ, ಸಕಾರಣವಿಲ್ಲದಿದ್ದಲ್ಲಿ ಅದನ್ನು ಸುಳ್ಳೆಂದು ಸಾಬೀತು ಮಾಡುವ ಹೊಣೆ ಕಂಪನಿಯದೇ. ಕೆಲಸಗಾರರು ಕ್ಯಾಂಪ್‌ನ ಪ್ರೀ-ಸ್ಟಾರ್ಟ್ (ಪಾಳಿ ಶುರುವಾಗುವ ಮುಂಚಿನ) ಸಹಿಹಾಳೆಗಳ ಫೋಟೊ, ವಿಮಾನದ ಬೋರ್ಡಿಂಗ್ ಪಾಸ್, ಗೇಟ್ ಸ್ವೈಪ್ ವಿವರ ಇಟ್ಟುಕೊಂಡಿದ್ದರು. ಕಂಪನಿಯ ಬಳಿ ಇದ್ದದ್ದು ಒಂದೇ ಸಾಲು. 2025ರ ಜನವರಿ 1ರಿಂದ ಬೇಕೆಂದೇ ಕಡಿಮೆ ಸಂಬಳ ಕೊಡುವುದು ಕ್ರಿಮಿನಲ್ ಅಪರಾಧವೂ ಆಗಿದೆ. ವ್ಯಕ್ತಿಗಳಿಗೆ 10 ವರ್ಷದವರೆಗೆ ಸೆರೆ.

ನಿಮ್ಮ ಪೇಸ್ಲಿಪ್ ಹೀಗೆಯೇ ಇದ್ದರೆ ಮೊದಲು ಬರಹದಲ್ಲಿ ದಾಖಲೆ ಕೇಳಿ. ಕಂಪನಿ ಅವನ್ನು 7 ವರ್ಷ ಇಟ್ಟಿರಬೇಕು. ದಾಖಲೆ ಕೆಲಸದ ಜಾಗದಲ್ಲೇ ಇದ್ದರೆ 3 ವ್ಯವಹಾರ ದಿನದೊಳಗೆ ನೋಡಲು ಕೊಡಬೇಕು, ಇಲ್ಲವೇ 14 ದಿನದೊಳಗೆ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಬೇಕು. ಸಂಬಳದ ಬಾಕಿಗೆ ಕೋರ್ಟಿಗೆ ಹೋಗಲು 6 ವರ್ಷದ ಮಿತಿಯಿದೆ. ಸೂಪರ್ ಬಾಕಿಯನ್ನು ತೆರಿಗೆ ಕಚೇರಿಗೆ, ಉಳಿದದ್ದನ್ನು ಫೇರ್ ವರ್ಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೆಲಸ ಕೊಟ್ಟವರು ಕಂಪನಿಯಲ್ಲದೆ ಒಬ್ಬ ವ್ಯಕ್ತಿಯಾಗಿದ್ದರೆ ರಾಜ್ಯದ ಕಾನೂನು ಅನ್ವಯಿಸುತ್ತದೆ. ಆದ್ದರಿಂದ ದೂರು ಬರೆಯುವ ಮುನ್ನ ಪೇಸ್ಲಿಪ್‌ನ ಎಬಿಎನ್ ಸಂಖ್ಯೆಯನ್ನು ಸರ್ಕಾರದ ಎಬಿಎನ್ ಲುಕಪ್‌ನಲ್ಲಿ ಹಾಕಿ ಅದು ಯಾರದು ಎಂದು ನೋಡಿಕೊಳ್ಳಿ.