ರಾಮನ್ ಯಂತ್ರ: ತಾನೇ ಕ್ಯಾಲಿಬ್ರೇಟ್ ಆಗೋದಾ, ಕೈಯಲ್ಲಿ ಮಾಡೋದಾ?

ಮಂಡ್ಯದಲ್ಲಿ ಬೆಲ್ಲ, ಸಕ್ಕರೆ ಪರೀಕ್ಷಿಸಲು ಫೈಬರ್ ಪ್ರೋಬ್ (ಬೆಳಕನ್ನು ಎಳೆಯ ಮೂಲಕ ಮಾದರಿಯವರೆಗೆ ಒಯ್ಯುವ ಕಡ್ಡಿ) ಇರುವ ರಾಮನ್ ಯಂತ್ರ ಯಾವುದು ತಗೊಳ್ಳಲಿ ಎಂದು ಕೇಳಿದ್ದೀರಿ. ವಸ್ತುವಿನ ಮೇಲೆ ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನ ಗೆರೆಗಳಿಂದ ಅದರಲ್ಲೇನಿದೆ ಎಂದು ತಿಳಿಸುವ ಯಂತ್ರ ಇದು. ಗೆರೆಗಳು ಸರಿಯಾದ ಜಾಗದಲ್ಲಿ ಕಾಣುವಂತೆ ಹೊಂದಿಸುವುದೇ ಕ್ಯಾಲಿಬ್ರೇಟ್ ಮಾಡುವುದು; ಅದನ್ನು ತಾನೇ ಮಾಡಿಕೊಳ್ಳುವ ಯಂತ್ರವೂ ಇದೆ, ನಾವು ಕೈಯಲ್ಲಿ ಮಾಡಬೇಕಾದದ್ದೂ ಇದೆ. ಮೈಸೂರಿನ ನಮ್ಮ ಲ್ಯಾಬಿನಲ್ಲಿ ಎರಡೂ ಬಗೆಯನ್ನು ಬಳಸಿದ್ದೇನೆ.

ಮೊದಲು ನಿಖರತೆ. 785 ನ್ಯಾನೊಮೀಟರ್ ಲೇಸರ್ ಬರೀ 0.1 ನ್ಯಾನೊಮೀಟರ್ ಸರಿದರೂ ಗೆರೆಗಳು ಸುಮಾರು 1.6 ತರಂಗಸಂಖ್ಯೆ (ಗೆರೆಯ ಜಾಗ ಹೇಳುವ ಮಾನ, cm⁻¹) ಜರುಗುತ್ತವೆ. ಸ್ವಯಂಚಾಲಿತ ಯಂತ್ರಗಳಲ್ಲಿ ಕೆಲವು ಒಳಗಿನ ನಿಯಾನ್ ದೀಪ ನೋಡಿ ತರಂಗಾಂತರದ ಅಳತೆಪಟ್ಟಿ ಸರಿಪಡಿಸಿಕೊಳ್ಳುತ್ತವೆ. ಆದರೆ ಲೇಸರ್ ಸರಿದದ್ದು ನಿಯಾನ್‌ನಿಂದ ತಿಳಿಯುವುದಿಲ್ಲ. ಒಳಗೆ ಗೆರೆಗಳ ಜಾಗ ಮೊದಲೇ ಗೊತ್ತಿರುವ ಪಾಲಿಸ್ಟೈರೀನ್‌ನಂಥ (ಒಂದು ಪ್ಲಾಸ್ಟಿಕ್) ಮಾದರಿಯೂ ಇದೆಯಾ ಎಂದು ಮಾರುವವರನ್ನು ಕೇಳಲೇಬೇಕು. ಕೈಯಲ್ಲಾದರೆ ಸಿಲಿಕಾನ್ ಬಿಲ್ಲೆಯನ್ನು ಪ್ರೋಬಿನ ತುದಿಗೇ ಹಿಡಿದು 520.5 ತರಂಗಸಂಖ್ಯೆಯಲ್ಲಿ ಬರಬೇಕಾದ ಅದರ ಗೆರೆ ನೋಡುತ್ತೇವೆ. ಒಮ್ಮೆ ಆ ಗೆರೆಯ ಎತ್ತರ ಕುಗ್ಗಿತ್ತು. ತುದಿಯ ಗಾಜು ಒರೆಸಿದರೆ ಬಟ್ಟೆಗೆ ಬೆಲ್ಲದ ಅಂಟು ಬಂತು. ಪೆಟ್ಟಿಗೆಯೊಳಗಿನ ದೀಪ ಅದನ್ನು ಹಿಡಿಯುತ್ತಿರಲಿಲ್ಲ.

ಖರ್ಚು ಸ್ವಯಂಚಾಲಿತಕ್ಕೇ ಹೆಚ್ಚು, ಕೆಟ್ಟರೆ ಕಂಪನಿಯವರೇ ಬರಬೇಕು.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ. ಈ ಲೇಸರ್‌ಗಳಲ್ಲಿ ಹೆಚ್ಚಿನವು 3ಬಿ ವರ್ಗದವು, ಅಂದರೆ ನೇರ ಬಿದ್ದರೆ ಕಣ್ಣಿಗೆ ಹಾನಿ ಮಾಡುವಂಥವು. 785ರ ಬೆಳಕು ಕಣ್ಣಿಗೆ ತೀರಾ ಮಂಕು, ಹಾಗಾಗಿ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಫೈಬರ್ ಕಳಚಿದೊಡನೆ ಲೇಸರ್ ಆರಿಸುವ ಇಂಟರ್‌ಲಾಕ್ ಯಾವುದನ್ನು ಕೊಂಡರೂ ಇರಲಿ, ಆ ತರಂಗಾಂತರದ ಕನ್ನಡಕವೂ ಇರಲಿ.

ಮೂರು ಶಿಫ್ಟ್ ನಡೆದು ಕೈ ಬದಲಾಗುತ್ತಿರುವ ಕಾರ್ಖಾನೆಗೆ ಸ್ವಯಂಚಾಲಿತವೇ ವಾಸಿ, ವಾರಕ್ಕೊಮ್ಮೆ ಸಿಲಿಕಾನ್ ಹಿಡಿದು ನೋಡಿದರಾಯಿತು. ಹುಡುಗರು ಕಲಿಯುವ ಕಾಲೇಜಿಗಾದರೆ ನಾನು ಕೈಯಲ್ಲಿ ಮಾಡುವುದನ್ನೇ ಕೊಳ್ಳುತ್ತೇನೆ.