ಶಿರಸಿ–ಬನವಾಸಿ ಕಡೆಯ ಹೋಮ್ ನರ್ಸ್ ಸೇವೆ: ಮುಂಗಡ ಕೊಡುವ ಮೊದಲು ಓದಿ

ಮಕ್ಕಳು ಬೆಂಗಳೂರಲ್ಲಿ, ತೋಟದ ಮನೆಯಲ್ಲಿ ಅಜ್ಜ-ಅಜ್ಜಿ ಇಬ್ಬರೇ. ಅಜ್ಜ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಮೊದಲು ಹುಡುಕುವುದು ಏಜೆನ್ಸಿಯ ಫೋನ್ ನಂಬರ್. ಎರಡು ದಿನದೊಳಗೆ ಒಬ್ಬ ಹುಡುಗಿ ಬ್ಯಾಗು ಹಿಡಿದು ಬರುತ್ತಾಳೆ. ಆಕೆಯನ್ನು ಮನೆಯವರೆಲ್ಲ ‘ನರ್ಸ್’ ಎನ್ನುತ್ತಾರೆ, ಏಜೆನ್ಸಿಯವರೂ ಹಾಗೇ ಹೇಳಿರುತ್ತಾರೆ. ಈ ಸೇವೆಯ ಒಳ್ಳೆಯದೂ ಕೆಟ್ಟದ್ದೂ ಆ ಒಂದು ಪದದಲ್ಲೇ ಸಿಕ್ಕಿಕೊಂಡಿದೆ.

ನರ್ಸ್ ಆಗಲು ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) 2 ವರ್ಷದ ಓದು, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ಓದು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಬೇಕು. ಮನೆಯಲ್ಲೇ ಉಳಿದು ನೋಡಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಇದ್ಯಾವುದನ್ನೂ ಓದಿದವರಲ್ಲ; ಕೆಲವು ವಾರ ಅಥವಾ ತಿಂಗಳ ತರಬೇತಿ ಪಡೆದ ಆರೈಕೆಯವರು. ಅದರಲ್ಲಿ ಕೀಳೇನೂ ಇಲ್ಲ. ಆದರೆ ಆರೈಕೆಯವರಿಗೆ ನರ್ಸಿನ ಕೆಲಸ ಹಚ್ಚಿದರೆ ಹಾಸಿಗೆಯಲ್ಲಿರುವವರ ಜೀವಕ್ಕೇ ಅಪಾಯ. ಹಾಗಾಗಿ ಏಜೆನ್ಸಿಗೆ ಮೊದಲು ಕೇಳಬೇಕಾದದ್ದು ನೋಂದಣಿ ಸಂಖ್ಯೆ. ‘ಅನುಭವ ಇದೆ’ ಎಂಬ ಉತ್ತರ ಬಂದರೆ ಬರುವವರು ಆರೈಕೆಯವರು ಎಂದು ತಿಳಿದು ಅದಕ್ಕೆ ತಕ್ಕ ಕೆಲಸವನ್ನಷ್ಟೇ ಒಪ್ಪಿಸಿ.

ಆರೈಕೆಯ ಮಟ್ಟಿಗೆ ಈ ಸೇವೆ ನಿಜಕ್ಕೂ ಚೆನ್ನಾಗಿದೆ. ಸ್ನಾನ, ಡೈಪರ್, ಊಟ, ಎಬ್ಬಿಸಿ ಕೂರಿಸುವುದು ಎಲ್ಲದರಲ್ಲೂ ಪಳಗಿದ ಕೈ ಮನೆಯವರ ಕೈಗಿಂತ ಹಗುರ. ಗುಣ ಗೊತ್ತಾಗುವುದು ಹೊರಳಿಸುವುದರಲ್ಲಿ. ಹಾಸಿಗೆ ಹಿಡಿದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು; ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಲ್ಲಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ, ಒಳಗೆ ಜಜ್ಜಿದ ಚರ್ಮ ಅದರಿಂದಲೇ ಹರಿಯುತ್ತದೆ.

ಮಳೆಗಾಲದ ಕಷ್ಟವೇ ಬೇರೆ. ಜಡಿಮಳೆಯಲ್ಲಿ ಬಟ್ಟೆ ಒಣಗದೆ ಹಸಿ ಹಸಿ ಹಾಸಿಗೆ ಬಟ್ಟೆ ಹಾಸಿದರೆ ತೊಡೆಸಂದಿಯಲ್ಲಿ ಬೂಸು ಹಿಡಿದು ಕೆರೆತ ಏಳುತ್ತದೆ. ಆರು ಜೊತೆಯಾದರೂ ಹತ್ತಿಯ ಹಾಸು ಇರಲಿ. ಕರೆಂಟು ಹೋದರೆ ಏರ್‌ಬೆಡ್ ಗಾಳಿ ಇಳಿಯುತ್ತದೆ, ಕೊಳವೆ ಮುಚ್ಚುವ ಬಿರಡೆ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ನಿಮಿಷಕ್ಕೆ 5 ಲೀಟರ್ ಕೊಡುವ ಆಕ್ಸಿಜನ್ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಯ ಇನ್ವರ್ಟರ್‌ನ 150 ಎಎಚ್ ಬ್ಯಾಟರಿ ಮೂರ್ನಾಲ್ಕು ಗಂಟೆಗೆ ಕೈಕೊಡುತ್ತದೆ. ಮರ ಬಿದ್ದು ಲೈನು ಹೋದರೆ ಒಂದು ದಿನವಾದರೂ ಕರೆಂಟು ಬಾರದ ಊರುಗಳಲ್ಲಿ ತುಂಬಿದ ಸಿಲಿಂಡರ್ ಒಂದು ಇರಲೇಬೇಕು.

ಇನ್ನು ಎಡವಟ್ಟಾಗುವ ಕಡೆ. ಮೊದಲನೆಯದು ಇನ್ಸುಲಿನ್. ಮಿಲಿಗೆ 40 ಯೂನಿಟ್ ಇರುವ ಔಷಧಿಗೆ ಕೆಂಪು ಮುಚ್ಚಳದ ಸಿರಿಂಜು, ಮಿಲಿಗೆ 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಅಜ್ಜಿ ಬೆಳಗಿನ ಜಾವ ಬೆವೆತು ಎಚ್ಚರ ತಪ್ಪಲು ಅಷ್ಟು ಸಾಕು. ಎರಡನೆಯದು ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ನಳಿಗೆ. ಸೋಸದ ಗಂಜಿ, ಸರಿಯಾಗಿ ಪುಡಿಯಾಗದ ಮಾತ್ರೆ ನಳಿಗೆಯನ್ನು ಕಟ್ಟಿಸುತ್ತವೆ. ಒಂದು ಸಲಕ್ಕೆ 200ರಿಂದ 250 ಮಿಲಿ, ಆಮೇಲೆ 30 ಮಿಲಿ ನೀರು, ಮತ್ತೆ ಮುಕ್ಕಾಲು ಗಂಟೆ ತಲೆ ಎತ್ತರದಲ್ಲೇ ಇರಬೇಕು. ನಳಿಗೆಯ ಮೇಲೆ ಮೂಗಿನ ಹತ್ತಿರವಿರುವ ಗುರುತು ಜರುಗಿದ್ದರೆ ಏನನ್ನೂ ಹಾಕಬಾರದು, ಆಹಾರ ಶ್ವಾಸಕೋಶಕ್ಕೆ ಇಳಿದೀತು. ಕ್ಯಾತಿಟರ್‌ನ (ಮೂತ್ರ ಹೊರತರುವ ಕೊಳವೆಯ) ಚೀಲವನ್ನು ಹಾಸಿಗೆಯ ಮೇಲೆ ಇಡುವುದು ಮೂರನೆಯ ತಪ್ಪು; ಚೀಲ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ನಳಿಗೆಯನ್ನಾಗಲಿ ಕ್ಯಾತಿಟರನ್ನಾಗಲಿ ಬದಲಿಸುವುದು ಆರೈಕೆಯವರ ಕೆಲಸವಲ್ಲ.

ಖರ್ಚಿಗೂ ಕ್ಷೇಮಕ್ಕೂ ಹೊಂದುವ ಏರ್ಪಾಡೆಂದರೆ ದಿನವಿಡೀ ಆರೈಕೆಗೆ ಒಬ್ಬರು, ವಾರಕ್ಕೊಮ್ಮೆ ಬಂದು ಹೋಗಲು ನೋಂದಾಯಿತ ನರ್ಸ್ ಒಬ್ಬರು. ಬಿಪಿ, ಶುಗರ್ ನೋಡಲು ಊರಿನ ಉಪಕೇಂದ್ರದ ಸಿಸ್ಟರ್, ಆಶಾ ಅಕ್ಕ ಇದ್ದಾರೆ. ಅವರಿಗೆ ಮನೆಯ ವಿಷಯ ತಿಳಿಸಿಡಿ. ಬನವಾಸಿಯಂಥ ಕದಂಬರ ಕಾಲದ ಊರಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಕೂಗಿದರೆ ಓಡಿ ಬರುವವರಿದ್ದಾರೆ. ಆದರೆ ಹಳೆಯ ಮನೆಯ ಎತ್ತರದ ಹೊಸ್ತಿಲು ದಾಟಿ ಗಾಲಿಕುರ್ಚಿ ಬಚ್ಚಲಿಗೆ ಹೋಗುವುದಿಲ್ಲ. ಬಾಗಿಲಿನ ಅಗಲ ಅಳೆದು, ಹೊಸ್ತಿಲಿಗೆ ಹಲಗೆಯ ಇಳಿಜಾರು ಮಾಡಿಸಿದ ಮೇಲೆ ಕುರ್ಚಿ ತನ್ನಿ.

ಬಂದವರನ್ನು ನಡೆಸಿಕೊಳ್ಳುವ ರೀತಿಯೂ ಸೇವೆಯ ಗುಣಮಟ್ಟಕ್ಕೆ ಸೇರಿದ್ದೇ. ‘ತಂಗಿ, ಸ್ವಲ್ಪ ಪಾತ್ರೆ ತೊಳಿ’ ಎಂದು ಶುರುವಾಗಿ, ಕೊನೆಕೊಯ್ಲು ಬಂದಾಗ ಅಡಿಕೆ ಸುಲಿಯಲು ಕೂರಿಸುವವರೆಗೆ ಹೋಗುತ್ತದೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದವಳಿಗೆ ಹಗಲು ನಿದ್ದೆ ಬೇಡವೇ? ನಿದ್ದೆಗೆಟ್ಟ ಕೈಯಿಂದಲೇ ಔಷಧಿ ತಪ್ಪುವುದು. ಹಗಲು 6 ಗಂಟೆ ಬಿಡುವು, ವಾರಕ್ಕೊಂದು ರಜೆ, ಮಲಗಲು ಚಿಲಕವಿರುವ ಕೋಣೆ: ಇಷ್ಟನ್ನು ಬರೆದು ಒಪ್ಪಿಕೊಳ್ಳಿ. ನೀವು ಕೊಡುವ ಹಣದಲ್ಲಿ ಆಕೆಗೆ ಸಿಗುವುದೆಷ್ಟು ಎಂಬುದೂ ಅದೇ ಕಾಗದದಲ್ಲಿರಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಬದಲಿ ಜನ ಸಿಗುವುದು ಕಷ್ಟ, ತಿಂಗಳ ಮೊದಲೇ ಬದಲಿಗೆ ಬರುವವರ ಹೆಸರನ್ನು ಏಜೆನ್ಸಿಯಿಂದ ಬರೆಸಿಕೊಳ್ಳಿ.

ನಾಲ್ಕೈದು ವರ್ಷ ಹೀಗೆ ದುಡಿದ ಹುಡುಗಿಯ ಕೈಯಲ್ಲಿ ಕೊನೆಗೆ ಒಂದು ಪ್ರಮಾಣಪತ್ರವೂ ಇರುವುದಿಲ್ಲ. ಈ ಅನುಭವವನ್ನು ಜಿಎನ್‌ಎಂ ಓದಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಿಯುಸಿ ಮುಗಿಸಿದವಳಾದರೆ ಪ್ರವೇಶದ ಅರ್ಜಿ ಯಾವಾಗ ಬರುತ್ತದೆಂದು ನೋಡಿ ತಿಳಿಸಿ, ಅರ್ಜಿ ತುಂಬಲು ಒಂದು ದಿನ ರಜೆ ಕೊಡಿ. ಮಾಡಿದ ಕೆಲಸವನ್ನು, ತಾರೀಖುಗಳನ್ನು ಬರೆದು ಸಹಿ ಹಾಕಿದ ಪತ್ರವೊಂದನ್ನು ಹೊರಡುವ ದಿನ ಆಕೆಯ ಕೈಗೆ ಕೊಡಿ.